ಶುಕ್ರವಾರದ ನೀತಿ ಪಿರಿಯಡ್ಡು

ಇವತ್ತು ಸಂಜೆ ನಿತ್ಯಾ ಎಂಬ ಹೊಸ ಟೀಚರ್ ನಮ್ಮ ಮನೆಗೆ ಬಂದಿದ್ದಳು. ತಮಿಳು ಸೀಮೆಯ ಕೊಂಬೈಯಿಂದ ಬೆಟ್ಟದ ಕಡೆಗೆ ಎರಡು ಕಿಲೋಮೀಟರ್ ದೂರದಲ್ಲಿ ನಾನು ಮೂವತ್ತೊಂದು ವರ್ಷ ಪಾಠ ಮಾಡಿದ ಶಾಲೆಗೇ ಅವಳನ್ನು ಹಾಕಿದ್ದಾರೆ. ನಮ್ಮ ಹಾಗೆ ಅವಳ ಮನೆಯಲ್ಲೂ ಕನ್ನಡ, ಆದರೆ ಈ ಕಾಲದ ಹುಡುಗಿ, ನಾಲ್ಕು ಮಾತಿಗೆ ಮೂರು ತಮಿಳಿಗೆ ಜಾರುತ್ತವೆ. ಕಾಫಿ ಕುಡಿದು, ನನ್ನ ಮಂಡಿನೋವು ವಿಚಾರಿಸಿ, ಆಮೇಲೆ ಬಂದ ಕೆಲಸ ಹೇಳಿದಳು.

"ಅತ್ತೆ, ಶುಕ್ರವಾರ ಕಡೇ ಪಿರಿಯಡ್ಡು ನೀತಿಬೋಧನೆ ನನ್ಗೆ ಹಾಕವ್ರೆ. ನಿಮ್ಮ ಹಳೇ ನೋಟ್ಸ್ ಐತಾ? ಫೋಟೋ ಎಡ್ತುಕಂತೀನಿ."

ನೋಟ್ಸೆಲ್ಲ ನಾನು ರಿಟೈರಾದ ವರ್ಷವೇ ಬಿಸಿನೀರಿನ ಒಲೆಗೆ ಹೋಗಿತ್ತು. ಇದ್ದಿದ್ದರೂ ಕೊಡುತ್ತಿರಲಿಲ್ಲ. ಅದರಲ್ಲಿ ಇದ್ದದ್ದು ಕಥೆ, ಕಥೆಯ ಕೆಳಗೆ ಗೆರೆ, ಗೆರೆಯ ಕೆಳಗೆ "ನೀತಿ: ಸತ್ಯವೇ ಗೆಲ್ಲುತ್ತದೆ." ಈಶ್ವರಿ ಎಂಬ ಏಳನೇ ಕ್ಲಾಸಿನ ಹುಡುಗಿಗೆ ಅದೇ ಪಿರಿಯಡ್ಡಿನಲ್ಲಿ ನಾನು ಮಾಡಿದ ಅನ್ಯಾಯ ಅದರಲ್ಲಿ ಇರಲಿಲ್ಲ. ಅದನ್ನು ಎಲ್ಲರ ಮುಂದೆ ಒಪ್ಪಿಕೊಳ್ಳುವುದೋ ಬಿಡುವುದೋ ಎಂದು ನಾನು ಒದ್ದಾಡಿದ ದಿನಗಳೂ ಇರಲಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದನ್ನು ಕೊಟ್ಟರೆ ಆ ಹೊಸ ಹುಡುಗಿಗೆ ಮೋಸ ಮಾಡಿದಂತೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಒಂದು ಮಾತು. ನಾನು ಓದಿದ್ದು, ಓದಿಸಿದ್ದು ಎಲ್ಲ ತಮಿಳಿನಲ್ಲೇ. ದಿಂಡಿಗಲ್ಲಿನಲ್ಲಿ ಟ್ರೇನಿಂಗ್ ಮಾಡುವಾಗ ನನ್ನ ಪಕ್ಕದ ಮಂಚದವಳು ತಾಳವಾಡಿ ಕಡೆಯ ಕನ್ನಡ ಟೀಚರ್. ನಾನು ಮನೆಯ ಮಾತು ಆಡಿದಾಗೆಲ್ಲ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕ ತಪ್ಪಿಗೆ ಅಕ್ಷರ ಕಲಿಸಿ ಹೋದಳು. ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಅರ್ಧ ಅವಳದು.

ಕೆಲಸಕ್ಕೆ ಸೇರಿದಾಗ ನಮ್ಮ ಹೆಡ್‌ಮಾಸ್ಟರ್ ಪೆರುಮಾಳ್ ಸಾರ್. ಬಿಳಿ ಪಂಚೆ, ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು, ಕೆಂಪು ಒಂದು, ನೀಲಿ ಒಂದು. ನೀತಿಬೋಧನೆ ಎಂದರೆ ಅವರ ಲೆಕ್ಕದಲ್ಲಿ ಕಥೆಗೆ ಬಾಲ ಕಟ್ಟುವುದು. ಕಥೆ ಯಾವುದಾದರೂ ಆಗಲಿ, ಕೊನೆಗೆ ಮಕ್ಕಳು ಒಟ್ಟಾಗಿ ಬಾಲವನ್ನು ಕೂಗಬೇಕು, ಅದು ಅವರ ರೂಮಿಗೆ ಕೇಳಿಸಬೇಕು. ಕೇಳಿಸಿತು ಎಂದರೆ ಪಾಠ ಆಯಿತು. ನಾನೂ ಹಾಗೇ ಮಾಡಿದೆ. ಒಂದು ಸಲ ಸ್ಕೂಲ್ ಇನ್ಸ್‌ಪೆಕ್ಟರು ಬಂದು, ಆರನೇ ಕ್ಲಾಸಿನ ಹುಡುಗನೊಬ್ಬನನ್ನು ಎಬ್ಬಿಸಿ, "ದಾರಿಯಲ್ಲಿ ಒಂದು ವಾಚು ಸಿಕ್ಕಿದರೆ ಏನು ಮಾಡುತ್ತೀಯ?" ಎಂದು ಕೇಳಿದರು. ಅವನು ಕೈ ಕಟ್ಟಿಕೊಂಡು, "ಇನ್ಸ್‌ಪೆಕ್ಟರ್ ಸಾರ್ ಕೇಳಿದರೆ ಪೊಲೀಸ್ ಸ್ಟೇಷನ್ನಿಗೆ ಕೊಡ್ತೀನಿ ಸಾರ್" ಎಂದ. ಇನ್ಸ್‌ಪೆಕ್ಟರು ನಕ್ಕುಬಿಟ್ಟರು. ಪೆರುಮಾಳ್ ಸಾರ್ ನಗಲಿಲ್ಲ.

ಬಾಲ ಕಟ್ಟುವುದು ಸಾಕು, ಮಾಡಿ ತೋರಿಸೋಣ ಎಂದು ನನಗೆ ಹುರುಪು ಬಂದದ್ದು ಮೂರನೆಯ ವರ್ಷ. ಆ ವಾರದ ವಿಷಯ ಸಾಲಿನಲ್ಲಿ ನಿಲ್ಲುವುದು. ನೀರಿನ ನಲ್ಲಿಯ ಮುಂದೆ, ಊಟದ ತಟ್ಟೆ ತೊಳೆಯುವಲ್ಲಿ, ಎಲ್ಲ ಕಡೆ ಸಾಲು. ಮಕ್ಕಳು ಒಂದೇ ವಾರದಲ್ಲಿ ಕಲಿತರು. ನನಗೆ ಹೆಮ್ಮೆಯೋ ಹೆಮ್ಮೆ. ಅದೇ ಹೆಮ್ಮೆಯಲ್ಲಿ ಇಪ್ಪತ್ಮೂರು ಮಕ್ಕಳನ್ನು ತೇನಿಯ ವಿಜ್ಞಾನ ಪ್ರದರ್ಶನಕ್ಕೆ ಕರೆದುಕೊಂಡು ಹೊರಟೆ. ಚಿನ್ನಮನೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸಬೇಕು. ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತರು. ಬಾಳೆಹಣ್ಣು ಮಾರುವವಳು ಕೂಡ ನೋಡಿ ಮೆಚ್ಚಿಕೊಂಡಳು. ಬಸ್ಸು ಬಂತು. ಅದು ನಿಲ್ಲುವುದಕ್ಕೆ ಮೊದಲೇ ದೊಡ್ಡವರೆಲ್ಲ ಅದರ ಜೊತೆ ಓಡಿ, ಕಿಟಕಿಯೊಳಗೆ ಟವೆಲ್ಲು, ಚೀಲ, ಒಬ್ಬ ಪುಣ್ಯಾತ್ಮ ತನ್ನ ಕೂಸನ್ನೇ ಹಾಕಿ ಸೀಟು ಹಿಡಿದರು. ಬಸ್ಸು ತುಂಬಿತು, ಹೋಯಿತು. ನನ್ನ ಇಪ್ಪತ್ಮೂರು ಮಕ್ಕಳು ಸಾಲು ಕೆಡದಂತೆ ಅಲ್ಲೇ ನಿಂತಿದ್ದರು. ಎರಡನೆಯ ಬಸ್ಸೂ ಹಾಗೇ ಹೋಯಿತು. ಮೂರನೆಯದಕ್ಕೆ ನಾನೇ ನನ್ನ ಕೊಡೆಯನ್ನು ಕಿಟಕಿಯೊಳಗೆ ಎಸೆದೆ.

ಅದನ್ನು ಕೇಳಿ ಪೆರುಮಾಳ್ ಸಾರ್, "ಮುಂದಿನ ವಾರ ಟವೆಲ್ ಹಾಕುವುದು ಹೇಗೆ ಅಂತ ಪಾಠ ಮಾಡಿ ಟೀಚರ್" ಎಂದರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಮಕ್ಕಳು ಅವತ್ತು ಸಾಲನ್ನು ನೋಡಿ ಏನೂ ಕಲಿಯಲಿಲ್ಲ, ನನ್ನ ಕೊಡೆಯನ್ನು ನೋಡಿ ಕಲಿತರು. ಆದರೂ ಆ ಬುದ್ಧಿ ನನಗೆ ಆಗ ಬರಲಿಲ್ಲ. ಬಂದಿದ್ದರೆ ಈಶ್ವರಿಯ ವಿಷಯ ನಡೆಯುತ್ತಿರಲಿಲ್ಲ.

ಈಶ್ವರಿ ಸಣ್ಣ ಕಟ್ಟಿನ ಹುಡುಗಿ. ಮಾತು ಕಡಿಮೆ, ಮಾಡಿದ ಕೆಲಸ ಚೊಕ್ಕ. ಅವರ ಮನೆಯೂ ನಮ್ಮ ಜನವೇ, ನಮ್ಮ ಮಾತೇ. ಮನೆಯಲ್ಲಿ ಅವ್ವ, ಅಜ್ಜಿ, ಇವಳು, ಮೂವರೇ. ಅವ್ವ ದಿನಾ ಬೆಳಗಿನ ಜೀಪಿನಲ್ಲಿ ಬೆಟ್ಟ ಹತ್ತಿ ಕೇರಳದ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗಿ ಸಂಜೆ ಇಳಿಯುವವಳು. ನಮ್ಮೂರಿನ ಕಡೆ ಓದು ಬಿಟ್ಟ ಹುಡುಗಿಯರ ದಾರಿ ಆ ಜೀಪು. ಒಂದು ಸಲ ಹತ್ತಿದವಳು ಮತ್ತೆ ಬೆಂಚಿಗೆ ಬಂದು ಕೂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ವಯಸ್ಸು ಕೇಳುವವರೂ ಇರಲಿಲ್ಲ.

ಅವಳು ಏಳನೇ ಕ್ಲಾಸಿಗೆ ಬಂದ ವರ್ಷ ಶಾಲೆಗೆ ವಿಜ್ಞಾನದ ಸಾಮಾನಿನ ಪೆಟ್ಟಿಗೆ ಬಂದಿತ್ತು. ಅದರಲ್ಲಿ ಮಕ್ಕಳ ಕಣ್ಣೆಲ್ಲ ಒಂದರ ಮೇಲೆ, ಭೂತಗನ್ನಡಿ. ಹಿಡಿ ಇಲ್ಲದ, ಕಪ್ಪು ಅಂಚಿನ ಗುಂಡು ಗಾಜು. ಪೆಟ್ಟಿಗೆಯ ಜವಾಬ್ದಾರಿ ಈಶ್ವರಿಗೆ ಕೊಟ್ಟಿದ್ದೆ. ಸಂಜೆ ಪಟ್ಟಿ ನೋಡಿ ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿ ಮುಚ್ಚುವುದು ಅವಳ ಕೆಲಸ. ಒಂದು ಗುರುವಾರ ಮಕ್ಕಳು ಜಗಲಿಯಲ್ಲಿ ಆ ಗಾಜಿನಿಂದ ಒಣಗಿದ ಬೇವಿನೆಲೆ ಸುಡುತ್ತಿದ್ದರು. ಊಟದ ಬೆಲ್ಲು ಹೊಡೆಯಿತು, ಎಲ್ಲರೂ ತಟ್ಟೆ ಹಿಡಿದು ಓಡಿದರು. ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ತೆಗೆದರೆ ಭೂತಗನ್ನಡಿ ಇಲ್ಲ.

ಈಶ್ವರಿಯನ್ನು ಕರೆದು ಕೇಳಿದೆ. ಪಟ್ಟಿಯಲ್ಲಿ ಅದರ ಮುಂದೆ ಗುರುತು ಇರಲಿಲ್ಲ.

"ನಿನ್ನೆ ಎಣಿಸುವಾಗ್ಲೇ ಇರ್ಲಿಲ್ಲೆ ಟೀಚರ್."

"ಮತ್ತೆ ಯಾಕೆ ಹೇಳಲಿಲ್ಲ?"

"ನಿಮ್ಮ ಕೈಲಿ ಐತೆ ಅಂದ್ಕಂಡೆ."

ಅವಳು ಅದನ್ನು ಸಹಜವಾಗಿ ಹೇಳಿದ್ದಳು. ಮಕ್ಕಳು ಬಿಟ್ಟುಹೋದದ್ದನ್ನೆಲ್ಲ ಎತ್ತಿಡುವ ಅಭ್ಯಾಸ ನನಗಿತ್ತು, ಅದು ಅವಳಿಗೆ ಗೊತ್ತಿತ್ತು. ಆದರೆ ನಲವತ್ತು ಮಕ್ಕಳ ಎದುರಿಗೆ ಆ ಮಾತು ನನಗೆ ಬೇರೆ ಥರ ಕೇಳಿಸಿತು. ಯಾರೋ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನು ನನ್ನ ಮನೆಯವರೂ ಹೇಳುತ್ತಾರೆ. "ಸರಿ, ಕಡೇ ಪಿರಿಯಡ್ಡಿನಲ್ಲಿ ನೋಡೋಣ" ಎಂದೆ.

ನಮ್ಮ ಜನದಲ್ಲಿ ಒಂದು ಪದ್ಧತಿ. ಹೊಲದ ಬದು, ನೀರಿನ ಸರದಿ, ಕಳೆದುಹೋದ ಒಡವೆ, ಯಾವುದೇ ವ್ಯಾಜ್ಯ ತೀರದಿದ್ದರೆ ಕುಲದ ಹಿರಿಯರು ದೇವರ ಮನೆಯ ಮುಂದೆ ಕೂಟ ಸೇರಿಸುತ್ತಾರೆ. ಸೂಡ ಹಚ್ಚುತ್ತಾರೆ, ಅಂದರೆ ಕರ್ಪೂರ. "ನಾನು ಮಾಡಿಲ್ಲ" ಎನ್ನುವವನು ಬರಿಗೈಯಿಂದ ಆ ಉರಿಯನ್ನು ಬಡಿದು ಆರಿಸಬೇಕು. ಇದಕ್ಕೆ ಸತ್ಯ ಮಾಡುವುದು, ಅಂದರೆ ಆಣೆ ಇಡುವುದು, ಎನ್ನುತ್ತಾರೆ. ಆರಿಸಿದನೋ, ಮಾತು ಮುಗಿಯಿತು. ಹಿಂದೆ ಸರಿದನೋ, ಅವನೇ ಮಾಡಿದವನು. ಪೊಯ್ ಸತ್ಯ, ಅಂದರೆ ಸುಳ್ಳು ಆಣೆ, ಮಾಡಿದವನಿಗೆ ವರ್ಷ ತುಂಬುವುದರೊಳಗೆ ಕಣ್ಣು ಹೋಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಚಿಕ್ಕಂದಿನಿಂದ ನೋಡಿದ್ದು, ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬೆತ್ತ ಹಿಡಿಯುವುದಕ್ಕಿಂತ ವಾಸಿ ಎಂದೇ ಅಂದುಕೊಂಡೆ. ಆ ವಾರದ ವಿಷಯವೂ ಸತ್ಯವೇ ಆಗಿತ್ತು.

ಮಧ್ಯಾಹ್ನ ಅಂಗಡಿಯಿಂದ ಕರ್ಪೂರ ತರಿಸಿದೆ. ಕಡೇ ಪಿರಿಯಡ್ಡಿನಲ್ಲಿ ಮೇಜಿನ ಮೇಲೆ ಒಂದು ಹೆಂಚಿನ ಚೂರಿಟ್ಟು ಬಿಲ್ಲೆ ಹಚ್ಚಿದೆ. "ಮೊದಲು ನಾನು" ಎಂದೆ. ಈಶ್ವರಿಯ ಮುಖ ನೋಡಿಕೊಂಡೇ, "ಭೂತಗನ್ನಡಿ ನನ್ನ ಹತ್ತಿರ ಇಲ್ಲ, ನಾನು ತೆಗೆದುಕೊಂಡಿಲ್ಲ, ಇದು ಸತ್ಯ" ಎಂದು ಅಂಗೈಯಿಂದ ಬಡಿದು ಆರಿಸಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೆಲವರು ಹೆದರಿ ಅತ್ತರು, ಕೆಲವರು ಆಟದಂತೆ ಫಟ್ಟೆಂದು ಆರಿಸಿ ಹೋದರು. ಬಿಲ್ಲೆಯ ಮೇಲೆ ಬಿಲ್ಲೆ ಹಚ್ಚಿದೆ. ಈಶ್ವರಿಯ ಸರದಿ ಬಂತು. ಅವಳು ಎದ್ದು ಬಂದಳು, ಮೇಜಿನ ಮುಂದೆ ನಿಂತಳು, ಕೈ ಮಾತ್ರ ಹಿಂದೆ ಕಟ್ಟಿಕೊಂಡಳು.

"ನಮ್ಮನೇಲಿ ಸತ್ಯ ಮಾಡಂಗಿಲ್ಲೆ ಟೀಚರ್."

"ತೆಗೆದುಕೊಂಡಿಲ್ಲ ಎಂದರೆ ಭಯ ಯಾಕೆ?"

"ಭಯ ಇಲ್ಲೆ. ಅಜ್ಜಿ ಬೇಡಾಂತ ಹೇಳೈತೆ."

ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ನಾನು ಏನೂ ಹೇಳಲಿಲ್ಲ, ಅದೇ ನಾನು ಮಾಡಿದ ಕೆಟ್ಟ ಕೆಲಸ. ಮನೆಬೆಲ್ಲು ಹೊಡೆಯಿತು. ಜಗಲಿ ಇಳಿಯುವಷ್ಟರಲ್ಲಿ ಮಕ್ಕಳು ಅವಳಿಗೆ ಹೆಸರಿಟ್ಟಾಗಿತ್ತು. ಕಳ್ಳಿ ಎಂದು ಕೂಗಿದ್ದು ನನ್ನ ಕಿವಿಗೂ ಬಿತ್ತು. ಕೇಳಿಸದವಳ ಹಾಗೆ ಸ್ಟಾಫ್ ರೂಮಿಗೆ ಹೋದೆ.

ಸೋಮವಾರ ಈಶ್ವರಿ ಬರಲಿಲ್ಲ. ಆ ವಾರ ಪೂರ್ತಿ ಬರಲಿಲ್ಲ. ಜ್ವರ ಇರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಅದರ ಮುಂದಿನ ಸೋಮವಾರ ಕಚೇರಿಯಿಂದ ಒಂದು ಫಾರಂ ಬಂತು, ಇರುವೆ ಕಾಲಿನಂಥ ಅಕ್ಷರ. ನನಗೆ ಆಗ ಹೊಸದಾಗಿ ಚಾಳೀಸು ಬಂದಿತ್ತು. ಪೆರಿಯಕುಳದಲ್ಲಿ ಕನ್ನಡಕ ಮಾಡಿಸಿದ್ದರೂ ಹಾಕಿಕೊಳ್ಳಲು ನಾಚಿಕೆ. ವಯಸ್ಸಾಯಿತು ಅನ್ನುತ್ತಾರಲ್ಲ ಎಂದು ಪೆಟ್ಟಿಗೆಯೊಳಗೇ ಇಟ್ಟು, ಪೆಟ್ಟಿಗೆಯನ್ನು ಚೀಲದ ತಳಕ್ಕೆ ತಳ್ಳಿದ್ದೆ. ಅವತ್ತು ವಿಧಿಯಿಲ್ಲದೆ ತೆಗೆದೆ. ಕನ್ನಡಕದ ಮೇಲೆ ಕರವಸ್ತ್ರ, ಕರವಸ್ತ್ರದೊಳಗೆ ಭೂತಗನ್ನಡಿ.

ಎಲ್ಲ ಒಂದೇ ಏಟಿಗೆ ನೆನಪಾಯಿತು. ಗುರುವಾರ ಊಟಕ್ಕೆ ಹೋಗುವಾಗ ಜಗಲಿಯ ಗೋಡೆಯ ಮೇಲೆ ಗಾಜು ಬಿಸಿಲಿಗೆ ಬಿದ್ದಿತ್ತು, ಕೆಳಗೆ ಒಣ ಎಲೆ. ಬೆಂಕಿ ಹತ್ತೀತೆಂದು ಎತ್ತಿಕೊಂಡೆ. ಗೀರು ಬೀಳಬಾರದೆಂದು ಕರವಸ್ತ್ರದಲ್ಲಿ ಸುತ್ತಿ ಕನ್ನಡಕದ ಪೆಟ್ಟಿಗೆಗೆ ಹಾಕಿದೆ. ಅಷ್ಟರಲ್ಲಿ ಯಾರೋ ಟಿ.ಸಿ. ಕೇಳಿಕೊಂಡು ಬಂದರು. ಮರೆತೇಹೋಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಆದರೆ ಗಾದೆಯಲ್ಲಿ ಹುಡುಕಿದವಳು ಕರ್ಪೂರ ಬಡಿದು ಸತ್ಯ ಮಾಡಿರಲಿಲ್ಲ.

ಪೆರುಮಾಳ್ ಸಾರ್ ಹತ್ತಿರ ಹೋಗಿ ಹೇಳಿದೆ. ಅವರು ಗಾಜನ್ನು ತೆಗೆದುಕೊಂಡು, ಅದರಿಂದ ನನ್ನ ಫಾರಂ ಅನ್ನೇ ಸ್ವಲ್ಪ ಓದಿ, ಆಮೇಲೆ ಬಾಗಿಲು ಮುಚ್ಚಲು ಹೇಳಿದರು.

"ಟೀಚರ್, ಇದು ನಿಮಗೆ ಗೊತ್ತು, ನನಗೆ ಗೊತ್ತು, ಸಾಕು. ಬೀರುವಿನಲ್ಲಿ ಚಾರ್ಟಿನ ಹಿಂದೆ ಇಟ್ಟುಬಿಡಿ. ನಾಳೆ ಸಿಕ್ಕಿತು ಅನ್ನಿ. ಮಕ್ಕಳ ಎದುರಿಗೆ ವಾತ್ಯಾರು ತಪ್ಪು ಒಪ್ಪಿಕೊಂಡರೆ ಆಮೇಲೆ ಯಾವ ಮಗು ನಮ್ಮ ಮಾತು ಕೇಳುತ್ತದೆ?"

ಅವರು ಕೆಟ್ಟವರಲ್ಲ. ಹತ್ತು ದಿನ ಬರದ ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿ ಎಂದು ಗುಮಾಸ್ತ ಕೇಳಿದಾಗ, "ಇರಲಿ, ಬರುತ್ತಾಳೆ" ಎಂದು ಉಳಿಸಿದವರೂ ಅವರೇ. ಅವರು ಹೇಳಿದ್ದು ನನಗೆ ಬೇಕಾದ ಮಾತೂ ಆಗಿತ್ತು. ಹಾಗೇ ಮಾಡಿದೆ. ಮಂಗಳವಾರ ಕ್ಲಾಸಿನಲ್ಲಿ, "ಭೂತಗನ್ನಡಿ ಬೀರುವಿನಲ್ಲಿ ಸಿಕ್ಕಿತು" ಎಂದು ಎತ್ತಿ ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾಳೆ ಈಶ್ವರಿಗೆ ಯಾರಾದರೂ ಹೇಳುತ್ತಾರೆ, ಬರುತ್ತಾಳೆ, ಕಥೆ ಮುಗಿಯಿತು ಎಂದುಕೊಂಡೆ.

ಬುಧವಾರ ನಲ್ಲಿಯ ಹತ್ತಿರ ಇಬ್ಬರು ಹುಡುಗರು ಮಾತಾಡುತ್ತಿದ್ದರು. ಒಬ್ಬ ಮಾರಿಮುತ್ತು, ಕ್ಲಾಸಿನ ಬಾಯಿಬಡುಕ.

"ಈಶ್ವರೀನೇ ತಂದು ಹಾಕವ್ಳೆ ಕಣೋ. ಸತ್ಯಕ್ಕೆ ಭಯ ಬಿದ್ದು, ಶನಿವಾರ ಜನ್ನಲ್ ಕಂಬಿ ಒಳಗೆ ಕೈ ಬಿಟ್ಟು ಬೀರು ಒಳಕ್ಕೆ ಎಸ್ದವ್ಳೆ."

"ನೀ ನೋಡ್ದಾ?"

"ನೋಡ್ಬೇಕಾ? ಇಲ್ದೆ ಹೆಂಗೆ ಬಂತು?"

ಅಲ್ಲಿಯವರೆಗೆ ಅವಳ ಮೇಲೆ ಅನುಮಾನ ಇತ್ತು. ನನ್ನ ಅರ್ಧ ಸುಳ್ಳು ಅದನ್ನು ರುಜುವಾತು ಮಾಡಿಕೊಟ್ಟಿತ್ತು. ನನಗೆ ನನ್ನ ಮೇಲೇ ಅಸಹ್ಯ ಆಯಿತು. ನಾನು ಬಾಯಿ ಬಿಡದಿದ್ದರೆ ಆ ಹುಡುಗಿ ಸಾಯುವವರೆಗೂ ಈ ಊರಿನಲ್ಲಿ ಭೂತಗನ್ನಡಿ ಕದ್ದವಳೇ.

ಗುರುವಾರ ಸಂಜೆ ಅವರ ಮನೆಗೆ ಹೋದೆ. ದ್ರಾಕ್ಷಿ ಚಪ್ಪರ ದಾಟಿದರೆ ಹೆಂಚಿನ ಸಣ್ಣ ಮನೆ. ಅಜ್ಜಿ ರಂಗವ್ವ ತಿಣ್ಣೆಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದಳು. ಅಷ್ಟರಲ್ಲಿ ಜೀಪು ನಿಂತ ಸದ್ದಾಯಿತು. ಈಶ್ವರಿ ತನ್ನ ಅವ್ವನ ಹಿಂದೆ ಇಳಿದು ಬಂದಳು. ತಲೆಗೆ ಟವೆಲ್ಲು, ಮೈಮೇಲೆ ಅವ್ವನ ಹಳೇ ಷರ್ಟು, ಕೈಬೆರಳೆಲ್ಲ ಕಪ್ಪು. ನನ್ನನ್ನು ನೋಡಿ ನಿಂತಳು, ಆಮೇಲೆ ಪಕ್ಕಕ್ಕೆ ಸರಿದು ಒಳಗೆ ಹೋದಳು. ಎಂಟು ದಿನದಿಂದ ತೋಟಕ್ಕೆ ಹೋಗುತ್ತಿದ್ದಳಂತೆ.

ಸುತ್ತಿ ಬಳಸದೆ ರಂಗವ್ವನಿಗೆ ಎಲ್ಲ ಹೇಳಿದೆ. ಕನ್ನಡಕದ ಪೆಟ್ಟಿಗೆ, ಬೀರು, ಚಾರ್ಟು, ಎಲ್ಲ. ಅವಳು ಮೊರದ ಮೇಲಿನ ಕೈ ನಿಲ್ಲಿಸಲಿಲ್ಲ.

"ಇವ್ಳ ತಾತ ಒಂದ್ಸಲ ಸೂಡ ಆರ್ಸಿದ್ರು," ಎಂದಳು. "ನೀರಿನ ಮೊರೆ ಜಗಳ, ಯಾರ ಸರದಿ ಅಂತ. ಕಾಲ್ವೆ ಮಡೆ ನಾವು ತೆಗೀಲಿಲ್ಲೆ ಅಂತ ಸತ್ಯ ಮಾಡಿದ್ರು. ಅವ್ರು ತೆಗೀಲಿಲ್ಲೆ, ನಿಜ. ಅವ್ರ ತಮ್ಮ ತೆಗ್ದಿದ್ದ. ಇವ್ರಿಗೆ ಗೊತ್ತಿಲ್ಲೆ. ಎದುರು ಮನೇವ್ನ ಪೈರೂ ಹೋಯ್ತು, ಮಾತೂ ಹೋಯ್ತು. ಮ್ಯಾಕೆ ಗೊತ್ತಾದಾಗ ಇವ್ರು ಮೂರು ದಿನ ಸೋರು ತಿನ್ಲಿಲ್ಲೆ. ಗೊತ್ತಿರೋದು ಇಷ್ಟೇ ಇಷ್ಟು, ಅದ್ಕೆ ಸಾಮೀನ ಸಾಕ್ಷಿ ಕರೀಬಾರ್ದು, ಇನ್ನು ಈ ಮನೇಲಿ ಯಾರೂ ಸತ್ಯ ಮಾಡಂಗಿಲ್ಲೆ ಅಂತ ಹೇಳಿ ಹೋದ್ರು."

ನಾನು ಸತ್ಯ ಮಾಡಿದಾಗ ನನಗೂ ಗೊತ್ತಿರಲಿಲ್ಲ. ಏಳನೇ ಕ್ಲಾಸಿನ ಹುಡುಗಿಗೆ ಗೊತ್ತಿದ್ದ ನೀತಿ ಅದನ್ನು ಬೋಧಿಸುವವಳಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತು ಎನ್ನುತ್ತಾರಲ್ಲ, ಹಾಗಾಗಿತ್ತು.

"ತಪ್ಪಾಯ್ತು ರಂಗವ್ವಾ. ನಾಳೆ ಮಗೂನ ಕಳಿಸು."

"ತಪ್ಪಾಯ್ತು ಅಂತ ನನ್ ಹತ್ರ ಯಾಕೆ ಹೇಳ್ತೆ? ಮಾನ ಇಲ್ಲಿ ಹೋಗ್ಲಿಲ್ಲೆ, ಪಳ್ಳಿಕೂಡದಲ್ಲಿ ಹೋಯ್ತು. ಎಲ್ಲಿ ಹೋಯ್ತೋ ಅಲ್ಲಿಂದ ತಕ್ಕಂಡು ಬಾ. ನೀ ಹೇಳ್ದ ಮ್ಯಾಕೆ ಬುಳ್ಳೆ ಒಳಗೆ ಬತ್ತಾಳೆ, ಮುಂಚೆ ಇಲ್ಲೆ."

ಎದ್ದು ಹೊರಟೆ. ತಿಣ್ಣೆ ಇಳಿಯುವಾಗ ಅವಳು ಮತ್ತೆ ಕರೆದಳು. "ಟೀಚರಮ್ಮಾ, ಪೊಯ್ ಸತ್ಯ ಮಾಡ್ದೋರು ಇನ್ನೊಂದ್ಸಲ ಸೂಡ ಮುಟ್ಟಂಗಿಲ್ಲೆ, ಗೊತ್ತಲ್ಲ? ಇನ್ನು ನೀನೂ ನಮ್ಮನೆ ಕೂಟವೇ." ಅವಳ ಮುಖದಲ್ಲಿ ನಗು ಇತ್ತೋ ಇಲ್ಲವೋ, ಕತ್ತಲಾಗುತ್ತಿತ್ತು, ಕಾಣಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಪೆರುಮಾಳ್ ಸಾರ್‌ಗೆ, "ಇವತ್ತು ಹೇಳುತ್ತೇನೆ" ಎಂದೆ. ಅವರು ಬೇಡ ಎಂದು ಎರಡು ಸಲ ಹೇಳಿದರು. ಮೂರನೆಯ ಸಲ, "ನಾನು ಇಲ್ಲದಾಗ ಹೇಳಿ, ನನಗೆ ಚಿನ್ನಮನೂರಿನಲ್ಲಿ ಕೆಲಸವಿದೆ" ಎಂದು ಸೈಕಲ್ ಹತ್ತಿ ಹೋದರು. ಅದು ಅವರು ಕೊಡಬಹುದಾಗಿದ್ದ ದೊಡ್ಡ ಅನುಮತಿ.

ಕಡೇ ಪಿರಿಯಡ್ಡು. ಬಾಗಿಲಿನ ಆಚೆ ರಂಗವ್ವನೂ ಈಶ್ವರಿಯೂ ಬಂದು ನಿಂತಿದ್ದರು. ಒಳಗೆ ಬನ್ನಿ ಎಂದರೆ ಅಜ್ಜಿ ತಲೆ ಅಲ್ಲಾಡಿಸಿದಳು. ಮೇಜಿನ ಮೇಲೆ ಕನ್ನಡಕದ ಪೆಟ್ಟಿಗೆ ಇಟ್ಟೆ. ಅದರೊಳಗೆ ಗಾಜನ್ನು ಹೇಗೆ ಇಟ್ಟಿದ್ದೆನೋ ಹಾಗೇ ಇಟ್ಟು ತೋರಿಸಿದೆ. ಕಳೆದದ್ದು ನಾನು, ಮರೆತದ್ದು ನಾನು, ಬೀರುವಿನಲ್ಲಿ ಇಟ್ಟು ಸಿಕ್ಕಿತು ಎಂದು ಸುಳ್ಳು ಹೇಳಿದ್ದೂ ನಾನು, ಈಶ್ವರಿ ಅದನ್ನು ಮುಟ್ಟಿಯೂ ಇಲ್ಲ ಎಂದೆ. "ಅವಳನ್ನು ನೀವು ಏನೆಂದು ಕೂಗಿದಿರೋ ಅದನ್ನು ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ಅದು ಗಾಜು ಕಳೆದದ್ದಕ್ಕಿಂತ ದೊಡ್ಡ ತಪ್ಪು. ಈಶ್ವರಿ, ನನ್ನನ್ನು ಕ್ಷಮಿಸು."

ಮಾರಿಮುತ್ತು ಎದ್ದ.

"ಹಂಗಾದ್ರೆ ಟೀಚರ್, ನೀವು ಮಾಡಿದ್ದು ಪೊಯ್ ಸತ್ಯಾನಾ?"

"ಹೌದು."

"ಕೈ ಸುಡ್ಲಿಲ್ಲೆಯಾ?"

ಅಂಗೈ ತೋರಿಸಿದೆ. ಮುಂದಿನ ಬೆಂಚಿನವರು ಬಗ್ಗಿ ನೋಡಿದರು. "ಕಣ್ಣು?" ಎಂದ ಇನ್ನೊಬ್ಬ. "ಕಣ್ಣು ಮೊದಲೇ ಹೋಗಿತ್ತು, ಅದಕ್ಕೇ ಕನ್ನಡಕ" ಎಂದೆ. ಒಬ್ಬಿಬ್ಬರು ನಕ್ಕರು. ನನಗೆ ಅಳು ಬರುವ ಹಾಗಿತ್ತು.

ರಂಗವ್ವ ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು ಒಳಗೆ ತಳ್ಳಿದಳು, ತಾನು ತಿರುಗಿ ನೋಡದೆ ಹೋದಳು. ಈಶ್ವರಿ ನೇರ ಮೇಜಿನ ಹತ್ತಿರ ಬಂದಳು. ವಿಜ್ಞಾನದ ಪೆಟ್ಟಿಗೆಯ ಪಟ್ಟಿ ತೆಗೆದಳು, ಪೆನ್ಸಿಲಿನಿಂದ ಭೂತಗನ್ನಡಿಯ ಮುಂದೆ ಗುರುತು ಹಾಕಿದಳು. ಆಮೇಲೆ ಹೇಳಿದಳು, ಎಲ್ಲರಿಗೂ ಕೇಳಿಸುವ ಹಾಗೆ:

"ಇನ್ನು ಏನಾದ್ರೂ ಕಾಣ್ದೆ ಹೋದ್ರೆ, ಫಸ್ಟು ನಿಮ್ಮ ಚೀಲ ನೋಡಿ ಟೀಚರ್."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ನಗಲಿಲ್ಲ. ಹೋಗಿ ತನ್ನ ಬೆಂಚಿನಲ್ಲಿ ಕೂತಳು.

ಪೆರುಮಾಳ್ ಸಾರ್ ಹೆದರಿದಂತೆ ಮಕ್ಕಳು ನನ್ನ ಮಾತು ಕೇಳುವುದನ್ನು ಬಿಟ್ಟರೇ ಎಂದು ನಿತ್ಯಾ ಕೇಳಬಹುದು. ಕೆಲವು ದಿನ ಬಿಟ್ಟರು. ಗದರಿದರೆ ಮಾರಿಮುತ್ತು ನನ್ನ ಚೀಲದ ಕಡೆ ನೋಡುತ್ತಿದ್ದ. ಊರಿನ ಒಬ್ಬ ಹಿರಿಯ ಮನೆಗೆ ಬಂದು, ಕೂಟದ ಪದ್ಧತಿಯನ್ನು ಶಾಲೆಗೆ ತಂದು ಕೆಡಿಸಿದೆ ಎಂದು ಬೈದು ಹೋದ. ಅವನು ಹೇಳಿದ್ದರಲ್ಲಿ ಅರ್ಧ ಸರಿ. ಈಶ್ವರಿ ಎಂಟನೇ ಕ್ಲಾಸು ಮುಗಿಸಿದಳು, ಕೊಂಬೈಗೆ ಹೈಸ್ಕೂಲಿಗೆ ಹೋದಳು. ಆದರೆ ಆ ಎರಡು ವರ್ಷದಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಿದಳೇ ಹೊರತು ನನ್ನ ಹತ್ತಿರ ತಾನಾಗಿ ಒಂದು ಮಾತೂ ಆಡಲಿಲ್ಲ. ಕ್ಷಮೆ ಕೇಳಿದ ತಕ್ಷಣ ಕ್ಷಮಿಸುವುದು ಕಥೆಯ ಬಾಲದಲ್ಲಿ ಮಾತ್ರ. ಅದಕ್ಕೆ ನಾನು ಅವಳ ಮೇಲೆ ಬೇಜಾರು ಮಾಡಿಕೊಳ್ಳಲಿಲ್ಲ, ನೋವಾಗಿದ್ದು ಮಾತ್ರ ನಿಜ.

ಅವಳು ಹೇಳಿದ್ದನ್ನು ನಾನು ಪಾಠವಾಗಿ ಇಟ್ಟುಕೊಂಡೆ. ಪ್ರತಿ ಶುಕ್ರವಾರ ಕಡೇ ಪಿರಿಯಡ್ಡು ಶುರುವಾಗುವುದೇ ನನ್ನ ಚೀಲವನ್ನು ಮೇಜಿನ ಮೇಲೆ ಸುರಿಯುವುದರಿಂದ. ಬಾಡಿದ ಮಲ್ಲಿಗೆ, ತಲೆನೋವಿನ ಮಾತ್ರೆ, ಮಕ್ಕಳಿಂದ ಕಸಿದುಕೊಂಡು ಮರೆತ ಬುಗುರಿ, ಅರ್ಧ ತಿಂದ ಮುರುಕು. ಮಕ್ಕಳಿಗೆ ಅದೊಂದು ಹಬ್ಬ. ಸುರಿದ ಮೇಲೆ ಅವರೂ ಆ ವಾರ ತಮ್ಮಿಂದ ಆದದ್ದನ್ನು ಒಂದೊಂದಾಗಿ ಹೇಳುತ್ತಿದ್ದರು. ಹೇಳಿ ಎಂದು ನಾನು ಯಾವತ್ತೂ ಕೇಳಿದವಳಲ್ಲ.

ಆಮೇಲೆ ಪದ್ಧತಿಗಳು ಬದಲಾದವು. ಬಣ್ಣದ ಕಾರ್ಡು ಬಂದವು, ಮಕ್ಕಳು ನೆಲದ ಮೇಲೆ ವೃತ್ತದಲ್ಲಿ ಕೂತು ಕಾರ್ಡು ಎತ್ತಿ "ಪ್ರಾಮಾಣಿಕತೆ" ಎಂದು ಓದಿದರು. ಕೊನೆಯ ವರ್ಷಗಳಲ್ಲಿ ಗೋಡೆಗೆ ದೊಡ್ಡ ಟಿ.ವಿ. ಬಂತು, ಅದರಲ್ಲಿ ಕಾರ್ಟೂನ್ ಮೊಲ ಬಂದು ನೀತಿ ಹೇಳಿತು. ಮೊಲ ನನಗಿಂತ ಚೆನ್ನಾಗಿಯೇ ಹೇಳುತ್ತಿತ್ತು. ಅದಕ್ಕೆ ಚೀಲ ಮಾತ್ರ ಇರಲಿಲ್ಲ.

ನಿತ್ಯಾ ಹೊರಡುವಾಗ ಬಾಗಿಲಲ್ಲಿ ನಿಂತು, ಆ ಟಿ.ವಿ.ಯ ರಿಮೋಟು ಎರಡು ದಿನದಿಂದ ಕಾಣುತ್ತಿಲ್ಲ, ನಾಳೆ ಮಕ್ಕಳ ಬ್ಯಾಗು ತಪಾಸಣೆ ಮಾಡಬೇಕು ಎಂದಳು. ಒಬ್ಬ ಹುಡುಗನ ಮೇಲೆ ಅನುಮಾನವೂ ಇದೆಯಂತೆ. ಅವನ ಹೆಸರು ಹೇಳಬೇಡ ಎಂದೆ. ಯಾಕೆ ಎಂದು ಬಾಯಲ್ಲಿ ಹೇಳಲು ನನಗೆ ಆಗಲಿಲ್ಲ. ಅದಕ್ಕೇ ಇಷ್ಟು ಪುಟ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಹೋದ ವರ್ಷ ಚಿನ್ನಮನೂರು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. "ಟೀಚರ್" ಎಂದು ಯಾರೋ ಕರೆದರು. ನೋಡಿದರೆ ಈಶ್ವರಿ. ಮೈ ತುಂಬಿಕೊಂಡಿದ್ದಾಳೆ. ಪೆರಿಯಕುಳದಲ್ಲಿ ಗಂಡನ ಜೊತೆ ಮಾವಿನ ಸಸಿಗಳ ನರ್ಸರಿ ನಡೆಸುತ್ತಾಳಂತೆ. ಪಕ್ಕದಲ್ಲಿ ಆರೇಳು ವರ್ಷದ ಮಗಳು.

"ಇವ್ರು ಯಾರು ಗೊತ್ತಾ?" ಎಂದು ಮಗಳನ್ನು ಕೇಳಿದಳು. "ನಾನ್ ಹೇಳ್ತೀನಲ್ಲ, ಆ ಟೀಚರ್."

ಹುಡುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿತು. ಯಾವ ಟೀಚರ್ ಎಂದು ಹೇಳಿದ್ದಾಳೋ. ಕಳ್ಳತನ ಹೊರಿಸಿದವಳೆಂದೋ, ಎಲ್ಲರ ಮುಂದೆ ಒಪ್ಪಿಕೊಂಡವಳೆಂದೋ. ಮಗು ಸೀದಾ ನನ್ನ ಮಡಿಲ ಮೇಲಿದ್ದ ಚೀಲಕ್ಕೆ ಬೆರಳು ತೋರಿಸಿತು.

"ಅಜ್ಜೀ, ಚೀಲ ತೆಗ್ದು ತೋರ್ಸು."

ಈಶ್ವರಿ ಅವಳನ್ನು ತಡೆಯುತ್ತಾಳೆ ಎಂದುಕೊಂಡೆ. ತಡೆಯಲಿಲ್ಲ. ನಾನು ಚೀಲ ತೆಗೆದೆ. ಮಗು ಒಂದೊಂದಾಗಿ ಹೊರಗಿಟ್ಟಿತು, ನೀರಿನ ಬಾಟಲು, ಮಾತ್ರೆ, ಬಾಳೆಹಣ್ಣು. ಕೊನೆಗೆ ಕನ್ನಡಕದ ಪೆಟ್ಟಿಗೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು, ಈಗ ನಾಚಿಕೆ ಪಡುವ ವಯಸ್ಸಲ್ಲ.

"ಒಳಗೂ ನೋಡು ಬುಳ್ಳೆ," ಎಂದಳು ಈಶ್ವರಿ. ಅವಳು ನಗುತ್ತಿದ್ದಳು. ಅವಳ ನಗುವನ್ನು ನಾನು ನೋಡಿದ್ದು ಅದೇ ಮೊದಲು.

ಮಗು ಪೆಟ್ಟಿಗೆ ತೆಗೆದು, ಒಳಗಿನ ಬಟ್ಟೆ ಎತ್ತಿ ನೋಡಿ, ಮುಚ್ಚಿ ನನ್ನ ಕೈಗೆ ಕೊಟ್ಟಿತು.

"ಏನೂ ಇಲ್ಲೆ ಅವ್ವಾ," ಎಂದಿತು.